ಕುದುರೆ ಕೊಳ್ಳುವ ಮುಂಚೆ ಇದನ್ನು ಓದಿ

ನಮ್ಮ ಗುಂಪಿನಲ್ಲಿ ಕುದುರೆ ಕೊಳ್ಳುವ ಆಸೆ ಇರುವವರಿಗಾಗಿ ಈ ಮಾತು. ನಾವು ಬರುವವರೆಗೆ ಜೀನು ಹಾಕಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಿ. ಜೀನು ಹಾಕುವಾಗ ಕುದುರೆ ಹೇಗೆ ವರ್ತಿಸುತ್ತದೆ ಎಂದು ನೀವೇ ನೋಡಬೇಕು. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತದೆಯೇ? ನಾಲ್ಕೂ ಕಾಲು ಎತ್ತಲು ಬಿಡುತ್ತದೆಯೇ? ಗಟ್ಟಿ ನೆಲದಲ್ಲಿ ಓಡಿಸಿದಾಗ ತಲೆ ಮೇಲೆ ಕೆಳಗೆ ಆಡಿಸಿದರೆ ಕಾಲಲ್ಲಿ ನೋವಿರಬಹುದು. ಮೊದಲು ಅವರೇ ಸವಾರಿ ಮಾಡಿ ತೋರಿಸಲಿ. ಅವರು ಹಿಂಜರಿದರೆ ನೀವು ಹತ್ತಲೇಬೇಡಿ.

ನೀವೇ ಕರೆತಂದ ಪಶುವೈದ್ಯರು ನೋಡುವ ತನಕ ಮುಂಗಡ ಬೇಡ. ಮೊದಲ ಸಲ ಕೊಳ್ಳುವವರಿಗೆ ಎಳೆ ಕುದುರೆ ಬೇಡವೇ ಬೇಡ, ಎಷ್ಟೇ ಚೆಂದ ಇರಲಿ. ಚೆನ್ನಾಗಿ ಪಳಗಿದ, 10 ವರ್ಷ ದಾಟಿದ್ದೇ ವಾಸಿ. ಕುದುರೆ ಒಟ್ಟು 25 ವರ್ಷಕ್ಕಿಂತ ಜಾಸ್ತಿ ಬದುಕಬಹುದು ಅಲ್ವಾ, ಖರ್ಚನ್ನೂ ಲೆಕ್ಕ ಹಾಕಿ.

ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಕುದುರೆ ಬೆದರಿದರೆ ಬೆರಳೇ ಹೋಗುತ್ತದೆ.