ಟೈಟಲ್ ಆಮೇಲೆ ಕೊಡಲಿ, ಮೊದಲು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ಸ್ನಾತಕೋತ್ತರ ನರ್ಸಿಂಗ್ ವಿದ್ಯಾರ್ಥಿಗೆ ಸಂಶೋಧನೆಯ ವಿಷಯದಲ್ಲಿ ಬರುವ ಮೊದಲ ತಾಕೀತು 'ಟೈಟಲ್ ಕೊಡಿ' ಎಂಬುದು. ಪ್ರಶ್ನೆ ಇನ್ನೂ ಹುಟ್ಟಿರುವುದಿಲ್ಲ. ಹಳೆಯ ಥೀಸಿಸ್‌ಗಳ ಕಪಾಟಿನಿಂದ ಒಂದು ಶೀರ್ಷಿಕೆ ಇಳಿಯುತ್ತದೆ. ಕಾಯಿಲೆಯ ಹೆಸರು ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ: '...ಕುರಿತ ಜ್ಞಾನದ ಮೇಲೆ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವ'. ಸ್ಯಾಂಪಲ್ 60. ಯಾಕೆ 60 ಎಂದು ಕೇಳಿದರೆ, ಹೋದ ವರ್ಷದವರೂ 60 ತೆಗೆದುಕೊಂಡಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವ ಈ ಕ್ರಮ ನಿಲ್ಲಬೇಕು ಎಂದು ಸಂಶೋಧನಾ ವಿಧಾನ ಕಲಿಸುವ ನಾವು ಈ ಪತ್ರ ಬರೆಯುತ್ತಿದ್ದೇವೆ.

ಆ ಶೀರ್ಷಿಕೆಯ ತೊಂದರೆಯನ್ನೇ ನೋಡಿ. ಪಾಠ ಮಾಡಿ, ಅದೇ 30 ಪ್ರಶ್ನೆಗಳನ್ನು ಏಳನೇ ದಿನ ಮತ್ತೆ ಕೇಳಿದರೆ ಅಂಕ ಏರಿಯೇ ಏರುತ್ತದೆ. ಪಾಠದಿಂದ ಏರಿತೋ, ಪ್ರಶ್ನೆಪತ್ರಿಕೆ ಒಮ್ಮೆ ನೋಡಿದ್ದರಿಂದ ಏರಿತೋ, ಹೋಲಿಸಲು ಇನ್ನೊಂದು ಗುಂಪಿಲ್ಲದೆ ಹೇಳಲು ಬರುವುದಿಲ್ಲ. ನೋವಿನ ಅಧ್ಯಯನವಾದರೆ ಇನ್ನೂ ಮೋಸ: ಅಂದು ಅತಿ ಹೆಚ್ಚು ನೋವು ಹೇಳಿದವರನ್ನೇ ಆರಿಸಿಕೊಂಡರೆ, ಏನೂ ಮಾಡದಿದ್ದರೂ ಮರುದಿನ ಅವರ ಸರಾಸರಿ ಇಳಿದಿರುತ್ತದೆ. ಇನ್ನು, ಕೈ ತೊಳೆಯುವ ಕ್ರಮ ಗೊತ್ತಿರುವುದೇ ಬೇರೆ, ರಾತ್ರಿ ಪಾಳಿಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಓಡುವಾಗ ತೊಳೆಯುವುದೇ ಬೇರೆ.

ಪ್ರಶ್ನೆ ಹುಟ್ಟಬೇಕಾದ್ದು ವಾರ್ಡಿನಲ್ಲಿ. ಒಂದೇ ಉದಾಹರಣೆ ಹಿಡಿದು ನೋಡೋಣ. ಆಪರೇಷನ್ನಿನ ಹಿಂದಿನ ಸಂಜೆ ನರ್ಸ್ ರೋಗಿಯ ಪಕ್ಕ 20 ನಿಮಿಷ ಕೂತು, ನಾಳೆ ಏನೇನು ನಡೆಯುತ್ತದೆ ಎಂದು ವಿವರಿಸಿದರೆ ಆತಂಕ ತಗ್ಗೀತೇ? ಇದನ್ನು ನಾಲ್ಕು ಮನೆಗೆ ಹಂಚಬೇಕು: ಯಾರು, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಏನನ್ನು ಅಳೆಯುತ್ತೇವೆ. ಪಾಠದಲ್ಲಿ ಇದನ್ನೇ 'ಪಿಕೊ' ಎನ್ನುತ್ತಾರೆ. ಮೊದಲೆರಡು ಮನೆ ಸಲೀಸಾಗಿ ತುಂಬುತ್ತವೆ. ಎಡವುವುದು ಮೂರನೆಯದರಲ್ಲಿ. 'ರೂಢಿಯ ಆರೈಕೆ' ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಆ ವಾರ್ಡಿನ ಸಿಸ್ಟರ್ ಈಗಾಗಲೇ ಎಲ್ಲರಿಗೂ ವಿವರಿಸುತ್ತಿದ್ದರೆ? ಎರಡು ಗುಂಪಿಗೂ ಸಿಕ್ಕಿದ್ದು ಒಂದೇ ಆಗುತ್ತದೆ. ಯೋಜನೆ ಬರೆಯುವ ಮುನ್ನ ಒಂದು ವಾರ ವಾರ್ಡಿನಲ್ಲಿ ಕೂತು, ರೂಢಿಯಲ್ಲಿ ಏನು ನಡೆಯುತ್ತಿದೆ ಎಂದು ಬರೆದುಕೊಳ್ಳಲೇಬೇಕು. ನಾಲ್ಕನೇ ಮನೆಯಲ್ಲಿ ಅಳತೆಯ ಹೊತ್ತು ಸ್ಪಷ್ಟವಾಗಿರಲಿ. ಆಪರೇಷನ್ ಥಿಯೇಟರಿಗೆ ಒಯ್ಯುವ ಮುನ್ನ ಕೊಡುವ ನಿದ್ರಾಜನಕ ಒಳಗೆ ಹೋದ ಮೇಲೆ ಆತಂಕ ಅಳೆದರೆ, ಇಳಿದ ಅಂಕದ ಕೀರ್ತಿ ಔಷಧಕ್ಕೆ ಸಲ್ಲಬೇಕೋ ನಿಮ್ಮ ಮಾತಿಗೋ ತಿಳಿಯುವುದಿಲ್ಲ.

ಸಾಹಿತ್ಯ ಪರಿಶೀಲನೆಯ ಬಗ್ಗೆ ಒಂದೇ ಮಾತು. ಯಾವ ಡೇಟಾಬೇಸಿನಲ್ಲಿ, ಯಾವ ಪದಗಳನ್ನು ಹಾಕಿ, ಯಾವ ದಿನ ಹುಡುಕಿದಿರಿ, ಎಷ್ಟು ಲೇಖನ ಸಿಕ್ಕವು ಎಂದು ಅಂದಂದೇ ಬರೆದಿಡಿ. ಪಬ್‌ಮೆಡ್, ಸಿನಾಲ್, ಕಾಕ್ರೇನ್ ಮೂರನ್ನೂ ನೋಡಿ. ಆರು ತಿಂಗಳ ಮೇಲೆ ನೆನಪಿನಿಂದ ಬರೆದ ಹುಡುಕಾಟಕ್ಕೆ ಬೆಲೆಯಿಲ್ಲ.

ಇನ್ನು ಸ್ಯಾಂಪಲ್. ಆತಂಕ ಅಳೆಯುವ ಮಾಪನದಲ್ಲಿ 20 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 1ರಿಂದ 4 ಅಂಕ, ಒಟ್ಟು 20ರಿಂದ 80 ಎಂದಿಟ್ಟುಕೊಳ್ಳಿ. ಹಿಂದಿನ ಅಧ್ಯಯನಗಳಲ್ಲಿ ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 10ರಷ್ಟಿದೆ. ರೋಗಿಗೆ ಪ್ರಯೋಜನವಾಯಿತು ಎನ್ನಲು ಕನಿಷ್ಠ 5 ಅಂಕದ ವ್ಯತ್ಯಾಸ ಬೇಕು ಎಂದು ನಿರ್ಧರಿಸುತ್ತೀರಿ. ಇದನ್ನು ನಿರ್ಧರಿಸಬೇಕಾದವರು ಆರೈಕೆ ಬಲ್ಲವರು, ಸಂಖ್ಯಾಶಾಸ್ತ್ರಜ್ಞರಲ್ಲ. ಎರಡು ಸರಾಸರಿಗಳ ಹೋಲಿಕೆಗೆ, ಶೇ 5ರ ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ), ಶೇ 80ರ ಪವರ್ (ಇರುವ ವ್ಯತ್ಯಾಸ ಕಾಣುವ ಸಾಧ್ಯತೆ) ಬೇಕಿದ್ದರೆ ಕೈಲೆಕ್ಕ ಸುಲಭ. ವಿಚಲನೆಯನ್ನು ವ್ಯತ್ಯಾಸದಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿ, 16ರಿಂದ ಗುಣಿಸಿ. 10ನ್ನು 5ರಿಂದ ಭಾಗಿಸಿದರೆ 2, ಅದರ ವರ್ಗ 4, ಗುಣಿಸಿದರೆ 64. ಒಂದು ಗುಂಪಿಗೆ 64. ಶೇ 15 ಮಂದಿ ನಡುವೆ ಬಿಟ್ಟುಹೋಗುತ್ತಾರೆ ಎಂದಾದರೆ 64ನ್ನು 0.85ರಿಂದ ಭಾಗಿಸಬೇಕು, 64ಕ್ಕೆ ಶೇ 15 ಕೂಡಿಸುವುದು ಸಾಮಾನ್ಯ ತಪ್ಪು. ಭಾಗಿಸಿದರೆ 76, ಎರಡು ಗುಂಪು ಸೇರಿ 152. ಅದೇ 60ರ ಸ್ಯಾಂಪಲ್‌ನಲ್ಲಿ ಗುಂಪಿಗೆ 30 ಮಂದಿ. 5 ಅಂಕದ ನಿಜವಾದ ವ್ಯತ್ಯಾಸ ಇದ್ದರೂ ಅದು ಕಾಣುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. 'ಪರಿಣಾಮವಿಲ್ಲ' ಎಂದು ಬರೆಯುವ ಎಷ್ಟೋ ಥೀಸಿಸ್‌ಗಳು ನಿಜಕ್ಕೂ ಹೇಳಬೇಕಾದ್ದು 'ನಮಗೆ ಕಾಣುವಷ್ಟು ಜನರಿರಲಿಲ್ಲ' ಎಂದು.

152 ಎಂದೊಡನೆ ವಾರ್ಡಿನ ಅಡ್ಮಿಷನ್ ರಿಜಿಸ್ಟರ್ ತೆಗೆಯಿರಿ. ಕಳೆದ ಮೂರು ತಿಂಗಳಲ್ಲಿ ನಿಮ್ಮ ಷರತ್ತಿಗೆ ಹೊಂದುವ ರೋಗಿಗಳು ವಾರಕ್ಕೆ 16 ಇದ್ದು, ಅರ್ಧದಷ್ಟು ಮಂದಿ ಒಪ್ಪಿದರೆ ವಾರಕ್ಕೆ 8. 19 ವಾರ ಬೇಕು. ಡೇಟಾ ಸಂಗ್ರಹಕ್ಕೆ ಕೊಟ್ಟಿರುವುದು ಆರು ವಾರ ಎಂದರೆ ಲೆಕ್ಕ ಮುಗಿಯಿತು. ಅಧ್ಯಯನ ಶುರುವಾದ ದಿನವೇ ಅರ್ಹ ರೋಗಿಗಳು ಮಾಯವಾಗುತ್ತಾರೆ ಎಂಬ ತಮಾಷೆ ಸಂಶೋಧಕರಲ್ಲಿ ಇದೆ. ಅನುಭವಿಸಿದವರಿಗೆ ಅದು ತಮಾಷೆಯಲ್ಲ. ಆಗ ಇನ್ನೊಂದು ಆಸ್ಪತ್ರೆ ಸೇರಿಸಿಕೊಳ್ಳಬಹುದು, ಇಲ್ಲವೇ ಪ್ರಶ್ನೆಯನ್ನೇ ಬದಲಿಸಬಹುದು. ಸದ್ದಿಲ್ಲದೆ 152ನ್ನು 60 ಮಾಡುವುದು ಮಾತ್ರ ಕೂಡದು.

ಹಂಚಿಕೆಯಲ್ಲಿ ಬೇರೆ ಪೇಚು. ಒಂದೇ ವಾರ್ಡಿನ ಅಕ್ಕಪಕ್ಕದ ಹಾಸಿಗೆಯವರು ಬೇರೆ ಬೇರೆ ಗುಂಪಿನಲ್ಲಿದ್ದರೆ, ವಿವರಣೆ ಕೇಳಿದವರು ರಾತ್ರಿ ಊಟದ ಹೊತ್ತಿಗೆ ಕೇಳದವರಿಗೆ ಎಲ್ಲ ಹೇಳಿರುತ್ತಾರೆ. ಇದನ್ನು ತಪ್ಪಿಸಲು ಒಂದು ವಾರ ಈ ಗುಂಪು, ಮರುವಾರ ಆ ಗುಂಪು ಮಾಡಿದರೆ, ಮುಂದಿನವರು ಎಲ್ಲಿ ಸೇರುತ್ತಾರೆ ಎಂದು ಮೊದಲೇ ಗೊತ್ತಿರುವುದರಿಂದ ಆಯ್ಕೆಯಲ್ಲಿ ಪಕ್ಷಪಾತ ನುಸುಳುತ್ತದೆ. ವಾರ್ಡುಗಳನ್ನೇ ಘಟಕವಾಗಿ ಚೀಟಿ ಎತ್ತಿದರೆ ಸ್ಯಾಂಪಲ್ ಹಿಗ್ಗುತ್ತದೆ: ಪ್ರತಿ ವಾರ್ಡಿನಲ್ಲಿ 20 ಮಂದಿ ಇದ್ದು ಅವರ ನಡುವಿನ ಸಾಮ್ಯದ ಸೂಚಿ 0.05 ಆದರೂ ಸಾಕು, ಬೇಕಾದ ಸಂಖ್ಯೆ ಸುಮಾರು ಎರಡು ಪಟ್ಟು. ಮೂರರಲ್ಲಿ ಯಾವ ಕಷ್ಟ ಸಹಿಸುತ್ತೀರಿ ಎಂಬುದನ್ನು ಯೋಜನೆಯಲ್ಲೇ ಕಾರಣಸಹಿತ ಬರೆಯಬೇಕು. ರೋಗಿಗಳನ್ನೇ ಹಂಚುವುದಾದರೆ ಕ್ರಮಸಂಖ್ಯೆ ಹಾಕಿದ, ಬೆಳಕಿಗೆ ಹಿಡಿದರೂ ಒಳಗಿನ ಅಕ್ಷರ ಕಾಣದ ಲಕೋಟೆ ಬೇಕು. ಅದನ್ನು ಒಪ್ಪಿಗೆಯ ಸಹಿಯಾದ ಮೇಲಷ್ಟೇ ಒಡೆಯಬೇಕು. ವಿವರಿಸಿದವರೇ ಅಂಕ ಹಾಕಬಾರದು.

ಮಾಪನದ ವಿಷಯದಲ್ಲಿ ಹೆಚ್ಚಿನ ತಪ್ಪು ಅನುವಾದದಲ್ಲಿ ಆಗುತ್ತದೆ. 'ನಾನು ಉದ್ವಿಗ್ನನಾಗಿದ್ದೇನೆ' ಎಂದು ಮುದ್ರಿಸಿ ಕೊಟ್ಟರೆ ಹಾಸಿಗೆ ಮೇಲಿರುವ ಅಜ್ಜಿಗೆ ಏನು ಅರ್ಥವಾಗಬೇಕು? ಆಕೆಯ ಮಾತಿನಲ್ಲಿ ಅದು 'ಎದೆ ಡವಡವ ಅನ್ನುತ್ತಿದೆ', 'ಕೈಕಾಲು ಆಡುತ್ತಿಲ್ಲ'. ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ಒಯ್ಯಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಐದಾರು ರೋಗಿಗಳಿಗೆ ಓದಿ, ಪ್ರತಿ ಹೇಳಿಕೆಗೆ 'ಏನು ಅಂದುಕೊಂಡಿರಿ' ಎಂದು ಕೇಳಿ. ತಜ್ಞರ ಅಭಿಪ್ರಾಯ ಪಡೆಯುವಾಗ ಸರ್ಟಿಫಿಕೇಟಿನ ಕಟ್ಟು ಸಾಲದು; ಪ್ರತಿ ಹೇಳಿಕೆಗೂ ಅಂಕ ಬೇಕು. ಐದು ಅಥವಾ ಕಡಿಮೆ ತಜ್ಞರಿದ್ದರೆ ಎಲ್ಲರೂ ಒಪ್ಪಬೇಕು, ಆರು ಅಥವಾ ಹೆಚ್ಚಿದ್ದರೆ ಒಪ್ಪಿದವರ ಪಾಲು 0.78 ಇದ್ದರೆ ಸಾಕು ಎಂಬುದು ಚಾಲ್ತಿಯ ಮಾನದಂಡ. ಪೈಲಟ್‌ನಲ್ಲಿ, ಅಂದರೆ ಸಣ್ಣ ಪೂರ್ವಪರೀಕ್ಷೆಯಲ್ಲಿ, ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರಾನ್‌ಬ್ಯಾಕ್ ಆಲ್ಫಾ 0.70ಕ್ಕಿಂತ ತೀರಾ ಕೆಳಗೆ ಬಿದ್ದರೆ ಗಾಬರಿಗೆ ಮುನ್ನ ಎಂಟ್ರಿ ನೋಡಿ: 'ನನಗೆ ನೆಮ್ಮದಿಯಿದೆ' ಎಂಬಂಥ ಹೇಳಿಕೆಗಳ ಅಂಕವನ್ನು ತಿರುಗಿಸಲು, ಅಂದರೆ 4ನ್ನು 1 ಮಾಡಲು, ಮರೆತಿರುತ್ತಾರೆ. ಬೇರೆಯವರ ಮಾಪನ ಬಳಸಲು ಹಕ್ಕುದಾರರ ಅನುಮತಿ ಬೇಕು ಎಂಬುದು ಕೊನೇ ಗಳಿಗೆಯಲ್ಲಿ ನೆನಪಾದರೆ ತಿಂಗಳೇ ಹೋಗುತ್ತದೆ.

ಡೇಟಾ ಸಂಗ್ರಹಿಸುವ ಮುನ್ನವೇ ಖಾಲಿ ಕೋಷ್ಟಕಗಳನ್ನು ಗೆರೆ ಎಳೆದು ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇವೆ. ಸಾಲುಗಳ ತಲೆಬರಹ ಇರಲಿ, ಸಂಖ್ಯೆ ಇರದಿರಲಿ. ಯಾವ ಕೋಷ್ಟಕಕ್ಕೂ ಬೇಡದ ಪ್ರಶ್ನೆ ಪ್ರಶ್ನಾವಳಿಯಿಂದ ಹೊರಬೀಳುತ್ತದೆ. ವಯಸ್ಸು, ಧರ್ಮ, ಆದಾಯ, ಆಹಾರ, ಕುಟುಂಬದ ಬಗೆ ಎಂದು 12 ಹಿನ್ನೆಲೆ ಅಂಶ ಬರೆದು, ಪ್ರತಿಯೊಂದಕ್ಕೂ ಫಲಿತಾಂಶದೊಂದಿಗೆ ನಂಟಿದೆಯೇ ಎಂದು ಕೈ-ವರ್ಗ (ಚಿ-ಸ್ಕ್ವೇರ್) ಪರೀಕ್ಷೆ ಮಾಡುವುದು ನಮ್ಮ ಥೀಸಿಸ್‌ಗಳ ಅಂಟುಜಾಡ್ಯ. ನಿಜದಲ್ಲಿ ಯಾವ ನಂಟೂ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 12 ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಪಿ-ಮೌಲ್ಯ 0.05ಕ್ಕಿಂತ ಕೆಳಗೆ ಬಂದು ನಂಟಿದೆ ಎಂದು ತೋರುವ ಸಾಧ್ಯತೆ ಶೇ 46. ಆ ಒಂದರ ಮೇಲೆ ಇಡೀ ಚರ್ಚೆಯ ಅಧ್ಯಾಯ ನಿಲ್ಲುತ್ತದೆ! ಮುಖ್ಯ ಫಲಿತಾಂಶ ಒಂದೇ ಇರಲಿ; ಅದಕ್ಕೆ ಯಾವ ಪರೀಕ್ಷೆ ಎಂದೂ ಮೊದಲೇ ಬರೆದಿರಲಿ.

ನೈತಿಕ ಸಮಿತಿಯ ಒಪ್ಪಿಗೆಗೆ ಎರಡು ತಿಂಗಳು ಕೈಯಲ್ಲಿ ಇಟ್ಟುಕೊಳ್ಳಿ. ರೋಗಿಗಳ ಮೇಲಿನ ಪ್ರಯೋಗವಾದರೆ ಮೊದಲ ರೋಗಿ ಸೇರುವ ಮುನ್ನ ಪ್ರಯೋಗಗಳ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯೂ ಆಗಿರಬೇಕು. ಔಷಧಿ ಕೊಡುವ ಸಿಸ್ಟರೇ ಒಪ್ಪಿಗೆ ಕೇಳಿದರೆ ರೋಗಿ 'ಬೇಡ' ಎನ್ನಲು ಹಿಂಜರಿಯುತ್ತಾರೆ, ಬೇರೆಯವರು ಕೇಳಲಿ. ಒಬ್ಬರ ಅಂಕ ತೀರಾ ಹೆಚ್ಚು ಬಂದರೆ ಯಾವ ವೈದ್ಯರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸುತ್ತೀರಿ ಎಂಬ ಸಾಲು ಹೆಚ್ಚಿನ ಯೋಜನೆಗಳಲ್ಲಿ ಇರುವುದೇ ಇಲ್ಲ. ಗುಂಪು ಯಾವುದೇ ಇರಲಿ, ಆ ಸಾಲು ಇರಲೇಬೇಕು.

ಸಂದರ್ಶನ ಆಧಾರಿತ ಗುಣಾತ್ಮಕ ಅಧ್ಯಯನ ಸುಲಭವೆಂದು ಆರಿಸುವವರಿಗೆ ಒಂದು ಎಚ್ಚರಿಕೆ: ಒಂದು ಗಂಟೆಯ ರೆಕಾರ್ಡಿಂಗನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ವಿಶ್ಲೇಷಣೆಯ ಕೆಲಸ ಅದರ ನಂತರ.

ಆದ್ದರಿಂದ ಕಾಲೇಜುಗಳಲ್ಲಿ ನಮ್ಮ ಕೋರಿಕೆ ಇಷ್ಟು. ಮೊದಲ ಆರು ತಿಂಗಳು ಟೈಟಲ್ ಕೇಳಬೇಡಿ. ಅದರ ಬದಲು ಮೂರು ಹಾಳೆ ಕೇಳಿ: ನಾಲ್ಕು ಮನೆ ತುಂಬಿದ ಪ್ರಶ್ನೆ, ಖಾಲಿ ಕೋಷ್ಟಕಗಳು, ರಿಜಿಸ್ಟರಿನಿಂದ ಎಣಿಸಿದ ಸಂಖ್ಯೆಯೊಂದಿಗೆ ಸ್ಯಾಂಪಲ್ ಲೆಕ್ಕ. ಸಂಖ್ಯಾಶಾಸ್ತ್ರಜ್ಞರ ಭೇಟಿ ಈ ಹಂತದಲ್ಲೇ ಕಡ್ಡಾಯವಾಗಲಿ. ಈಗ ವಿದ್ಯಾರ್ಥಿಗಳು ಅವರ ಬಾಗಿಲು ತಟ್ಟುವುದು ಡೇಟಾ ಶೀಟ್ ತುಂಬಿದ ಮೇಲೆ, ಬೈಂಡಿಂಗ್‌ಗೆ ಎರಡು ವಾರ ಇರುವಾಗ.

— ನರ್ಸಿಂಗ್ ಸಂಶೋಧನಾ ವಿಧಾನದ ಬೋಧಕರು