ಸ್ಕ್ರೀನ್ ಆಫ್ ಮಾಡಿ ಕೂತ ಆ ಸಪೋರ್ಟ್ ಎಂಜಿನಿಯರ್‌ಗೆ

ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ಮೇಲಿರುವುದನ್ನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಓದಿ ಹೇಳಿದಂತೆ ಕೇಳಿಸಿಕೊಂಡು ಪೈಥಾನ್ ಕೋಡ್ ಬರೆಯುತ್ತೇನೆ. ಕಳೆದ ವಾರ ಕೋಡ್‌ನ ತಪ್ಪು ಹುಡುಕಲು ನಾನು ಬಳಸುವ ಡೀಬಗ್ ಟೂಲ್ ಅಪ್‌ಡೇಟ್ ಆಯಿತು. ಆಮೇಲೆ ಟ್ಯಾಬ್ ಒತ್ತಿದರೆ ‘ಬಟನ್, ಬಟನ್, ಬಟನ್’ ಅಷ್ಟೇ. ಬರೀ ಚಿತ್ರವಿಟ್ಟು ಹೆಸರು ಕೊಡದಿದ್ದರೆ ಸ್ಕ್ರೀನ್ ರೀಡರ್ ತಾನೇ ಏನು ಹೇಳೀತು? ಬೆಳಿಗ್ಗೆಯೊಳಗೆ ಕೆಲಸ ಒಪ್ಪಿಸಬೇಕಿತ್ತು. ಕೈಕಾಲು ಆಡಲಿಲ್ಲ.

ಸಪೋರ್ಟ್‌ಗೆ ಕರೆ ಮಾಡಿದೆ. ಫೋನ್ ಎತ್ತಿದವರು ‘ಎಡಗಡೆ ಹಸಿರು ಗುರುತು ಒತ್ತಿ’ ಎನ್ನಲಿಲ್ಲ. ‘ಒಂದು ನಿಮಿಷ, ನನ್ನ ಸ್ಕ್ರೀನ್ ಆಫ್ ಮಾಡ್ತೀನಿ’ ಎಂದರು. ತಾವೂ ಎನ್‌ವಿಡಿಎ ಹಾಕಿಕೊಂಡು, ಮೌಸ್ ಮುಟ್ಟದೆ ನನ್ನ ಜೊತೆ ಟ್ಯಾಬ್ ಒತ್ತುತ್ತಾ ಬಂದರು. ‘ಈಗ ನಿಮಗೆ ಏನು ಕೇಳಿಸ್ತಿದೆ?’ ಎಂದು ಪ್ರತಿ ಸಲ ಕೇಳಿದರು. ಅದು ಓದಿ ಮುಗಿಸುವ ತನಕ ನಡುವೆ ಮಾತಾಡಲಿಲ್ಲ. ಒಟ್ಟೊಟ್ಟಿಗೆ ಎರಡು ದನಿ ಕೇಳುವ ಕಷ್ಟ ಅನುಭವಿಸಿದವರಿಗೇ ಗೊತ್ತು ಅಲ್ವಾ.

ಆ ರಾತ್ರಿಗೆ ದಾರಿಯನ್ನೂ ಅವರೇ ತೋರಿಸಿದರು. ಪೈಥಾನ್ ಜೊತೆಗೇ ಬರುವ ಪಿಡಿಬಿ ಎಂಬ ಡೀಬಗ್ ಟೂಲನ್ನು ಟರ್ಮಿನಲ್‌ನಲ್ಲಿ, ಅಂದರೆ ಟೈಪ್ ಮಾಡಿ ಆದೇಶ ಕೊಡುವ ವಿಂಡೋದಲ್ಲಿ, ತೆರೆಸಿದರು. ‘ಬಿ’ ಎಂದರೆ ಇಲ್ಲಿ ನಿಲ್ಲು, ‘ಎನ್’ ಎಂದರೆ ಮುಂದಿನ ಸಾಲು, ‘ಪಿ’ ಎಂದರೆ ವೇರಿಯಬಲ್‌ನಲ್ಲಿ ಏನಿದೆ ಹೇಳು. ಎಲ್ಲವೂ ಅಕ್ಷರ, ಎಲ್ಲವೂ ಕಿವಿಗೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಒಂದು ಸಾಲು 4 ಸ್ಪೇಸ್ ಜಾಸ್ತಿ ಒಳಗಿತ್ತು! ಇಂಡೆಂಟ್, ಅಂದರೆ ಸಾಲಿನ ಶುರುವಿನ ಖಾಲಿ ಜಾಗ, ಬದಲಾದಾಗ ಬೀಪ್ ಸದ್ದು ಮಾಡುವ ಎನ್‌ವಿಡಿಎ ಸೆಟ್ಟಿಂಗನ್ನೂ ಆಗಲೇ ಹಾಕಿಸಿದರು.

ಎರಡು ದಿನದ ಮೇಲೆ ಸಪೋರ್ಟ್‌ನಿಂದ ಮೇಲ್ ಬಂತು. ‘ಬಟನ್‌ಗಳಿಗೆ ಹೆಸರು ಹಾಕಿದ್ದೇವೆ, ಸರಿಯಾಗಿ ಕೇಳಿಸ್ತಿದೆಯಾ ಹೇಳಿ.’ ಟ್ಯಾಬ್ ಒತ್ತಿದೆ. ‘ರನ್ ಬಟನ್’ ಎಂದಿತು. ಸುಮ್ನೆ ಇನ್ನೊಂದು ಸಲ ಒತ್ತಿ ಕೇಳಿದೆ.

ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳುವುದು ಮರೆತುಹೋಯಿತು. ತುಂಬಾ ಥ್ಯಾಂಕ್ಸ್ ರೀ.