ಮಗು ಊಟ ಮಾಡಲ್ಲ ಅನ್ನೋರಿಗೆ ಅಂಗಡಿಯವನ ಮಾತು

ಸಂಪಾದಕರಿಗೆ ನಮಸ್ಕಾರ,

ಚಿಕ್ಕ ಮಕ್ಕಳು ಊಟ ಮಾಡಲ್ಲ, ತಾಯಂದಿರು ತಟ್ಟೆ ಹಿಡ್ಕೊಂಡು ಹಿಂದೆ ಓಡಾಡ್ತಾರೆ ಅಂತ ನಿಮ್ಮ ಪೇಪರಲ್ಲಿ ಬಂದಿದ್ದು ಓದ್ದೆ. ಎಲ್ಲಾ ಸರಿಯಾಗೇ ಬರೆದಿದ್ರಿ, ಆದ್ರೆ ಅದರಲ್ಲಿ ನನ್ನಂಥೋರ ಸುದ್ದಿನೇ ಇರ್ಲಿಲ್ಲ, ಅದಕ್ಕೇ ಈ ಕಾಗದ. ನಾನು ತಿಪಟೂರಲ್ಲಿ ಸಣ್ಣದೊಂದು ದಿನಸಿ ಅಂಗಡಿ ಇಟ್ಕೊಂಡಿದೀನಿ, ಹನ್ನೊಂದು ವರ್ಷ ಆಯ್ತು. ಎದುರಿಗೆ ಸ್ಕೂಲು, ಪಕ್ಕದ ಬೀದೀಲಿ ಅಂಗನವಾಡಿ. ಅಂಗಡಿ ಮುಂದೆ ಐದು ರೂಪಾಯಿ ಚಿಪ್ಸು, ಬೋಟಿ, ಜೆಲ್ಲಿ ಎಲ್ಲಾ ಮದುವೆ ಮನೆ ತೋರಣದ ಥರ ನೇತು ಹಾಕಿರ್ತಿದ್ದೆ, ಮಕ್ಕಳ ಕಣ್ಣಿಗೆ ಸರಿಯಾಗಿ ಬೀಳೋ ಎತ್ತರಕ್ಕೆ. ಬೇಕಂತಲೇ ಆ ಎತ್ತರ. ಸುಳ್ಳು ಯಾಕೆ ಹೇಳ್ಲಿ.

ಬೆಳಗ್ಗೆ ಎಂಟೂವರೆಗೆ ಅಜ್ಜಿ ಸೊಂಟದ ಮೇಲೆ ಮೊಮ್ಮಗ ಬರ್ತಾನೆ. "ತಿಂಡಿ ಮುಟ್ಲಿಲ್ಲ ಕಣಪ್ಪ, ಒಂದು ಬಿಸ್ಕೆಟ್ಟಾದ್ರೂ ಕೊಡು, ಹೊಟ್ಟೆಗೆ ಏನಾದ್ರೂ ಬೀಳ್ಲಿ." ಹನ್ನೊಂದಕ್ಕೆ ಅದೇ ಮಗು ಅಳ್ತಾ ಬರುತ್ತೆ, ಬೋಟಿ. ಒಂದೂವರೆಗೆ ಅವ್ರಮ್ಮ ಒಂದು ಕೈಲಿ ಅನ್ನದ ತಟ್ಟೆ ಇನ್ನೊಂದು ಕೈಲಿ ಮೊಬೈಲು ಹಿಡ್ಕೊಂಡು ನನ್ನ ಅಂಗಡಿ ಕಟ್ಟೆ ಮೇಲೇ ಕೂತು ಒಂದು ತುತ್ತಿಗೆ ಒಂದು ರೀಲ್ಸ್ ಅಂತ ತುರುಕ್ತಾ ಇರ್ತಾಳೆ. ನೋಡೋರಿಗೆ ಮಗು ಹಠಮಾರಿ. ನನಗೆ ಗೊತ್ತು ಅದಕ್ಕೆ ಹಸಿವೇ ಇಲ್ಲ ಅಂತ, ಬೆಳಗ್ಗಿಂದ ಲೆಕ್ಕ ನನ್ನ ಹತ್ರನೇ ಇದೆಯಲ್ಲ.

ಒಂದಿನ ಕೂತು ಪ್ಯಾಕೆಟ್ ಹಿಂದೆ ಬರೆದಿರೋದನ್ನ ಓದ್ದೆ, ಅಕ್ಷರ ಎಷ್ಟು ಚಿಕ್ಕದು ಅಂದ್ರೆ ಮೊಬೈಲ್ ಟಾರ್ಚ್ ಹಾಕ್ಬೇಕಾಯ್ತು. ನೂರು ಗ್ರಾಂ ಬಿಸ್ಕೆಟಲ್ಲಿ ಸಕ್ಕರೆನೇ 25 ಗ್ರಾಂ, ಶಕ್ತಿ 450 ಕ್ಯಾಲೊರಿ. ಎರಡು ವರ್ಷದ ಮಗುಗೆ ಇಡೀ ದಿನಕ್ಕೆ ಬೇಕಾಗೋದು ಹೆಚ್ಚೂ ಕಮ್ಮಿ ಸಾವಿರ ಕ್ಯಾಲೊರಿ. ಐವತ್ತು ಗ್ರಾಂ ಪ್ಯಾಕೆಟ್ ಒಂದು ಖಾಲಿ ಆಯ್ತು ಅಂದ್ರೆ ಕಾಲು ಭಾಗ ಹತ್ರ ಹತ್ರ ಅಲ್ಲೇ ಮುಗೀತು, ಸೊಪ್ಪು ಬೇಳೆ ಮೊಟ್ಟೆಗೆ ಹೊಟ್ಟೇಲಿ ಜಾಗ ಎಲ್ಲಿ ಉಳೀತು? ಹಿಡಿಯಷ್ಟು ಹೊಟ್ಟೆ ಸಾರ್ ಅದು.

ಇದೆಲ್ಲ ಬೇರೆಯೋರ ಮನೆ ಕಥೆ ಅಂದ್ಕೊಂಡಿದ್ದೆ. ನಮ್ಮ ಮನೇಲೂ ಅದೇ ಆಯ್ತು. ಮಗಳಿಗೆ ಆರು ತಿಂಗಳು ತುಂಬಿದಾಗ ನಮ್ಮಮ್ಮ ರಾಗಿ ನೆನೆಸಿ, ಬಟ್ಟೇಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಘಮ್ ಅನ್ನೋ ಹಾಗೆ ಹುರಿದು, ಬೀಸಿ, ತೆಳು ಬಟ್ಟೇಲಿ ಜರಡಿ ಹಿಡಿದು ರಾಗಿ ಸರಿ ಮಾಡಿ ತಿನ್ನಿಸ್ತಿದ್ರು. ಮೊಳಕೆ ಹಿಟ್ಟಿನ ಸರಿ ಗಂಟು ಕಟ್ಟಲ್ಲ, ತೆಳ್ಳಗಾಗುತ್ತೆ, ಅದೇ ಬಟ್ಟಲಲ್ಲಿ ಒಂದು ಚಮಚ ಹಿಟ್ಟು ಜಾಸ್ತಿ ಹಿಡಿಯುತ್ತೆ, ನಮ್ಮ ಹಿರಿಯರಿಗೆ ಇದೆಲ್ಲ ಯಾರು ಹೇಳ್ಕೊಟ್ರೋ. ಒಂದು ವರ್ಷ ತುಂಬಿದ್ಮೇಲೆ ಯಾಕೋ ಅದು ನಿಂತೋಯ್ತು. ಮಗು ಅತ್ರೆ ಬಾಟಲಿ ಹಾಲು, ದಿನಕ್ಕೆ ನಾಲ್ಕು ಐದು ಸಲ, ಸಂಜೆ ಅಜ್ಜಿ ಟೀಲಿ ಅದ್ದಿ ಒಂದು ಬಿಸ್ಕೆಟ್, ಅಂಗಡಿಗೆ ಬಂದ್ರೆ ಅಪ್ಪನ ಕೈಯಿಂದ ಒಂದು ಜೆಲ್ಲಿ. ಎರಡೂವರೆ ವರ್ಷಕ್ಕೆ ಮಂಕಾಗಿ ಕೂತ್ಕೊಳೋಕೆ ಶುರು ಮಾಡಿದ್ಲು, ಗೋಡೆ ಸುಣ್ಣ ಕೆರೆದು ತಿಂತಿದ್ಲು. ಡಾಕ್ಟರ್ ರಕ್ತ ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 8.9. ಹನ್ನೊಂದಾದ್ರೂ ಇರ್ಬೇಕಂತೆ. ದಿನಸಿ ಅಂಗಡಿಯವನ ಮಗಳಿಗೆ ರಕ್ತ ಕಮ್ಮಿ, ನಾಚಿಕೆ ಆಯ್ತು. ಆಮೇಲೆ ಗೊತ್ತಾಯ್ತು ಇದು ನಮ್ಮೊಬ್ಬರ ಮನೇದಲ್ಲ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಕ್ಕಳಿಗೆ ರಕ್ತಹೀನತೆ.

ಡಾಕ್ಟರ್ ಕಬ್ಬಿಣಾಂಶದ ಸಿರಪ್ ಬರೆದ್ರು. ಬಾಟಲಿ ಬಿಡಿಸಿ, ಹಾಲು ಎರಡು ಲೋಟ ದಾಟೋದು ಬೇಡ, ಟೀ ಪೂರ್ತಿ ನಿಲ್ಸಿ, ಟೀ ಕುಡಿಸಿದ್ರೆ ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲ ಅಂದ್ರು. ಕೊನೇಲಿ, "ಮಗುಗೆ ಹಸಿವಾಗೋಕೆ ಬಿಡ್ರಿ" ಅಂದ್ರು. ನಮ್ಮಮ್ಮಂಗೆ ಈ ಮಾತು ಸುತರಾಂ ಹಿಡಿಸ್ಲಿಲ್ಲ, ಮಗುನ ಉಪವಾಸ ಕೆಡವ್ತೀರಾ ಅಂತ ಎರಡು ದಿನ ನನ್ನ ಜೊತೆ ಮಾತು ಬಿಟ್ರು. ಮೊದಲ ನಾಲ್ಕು ದಿನ ನರಕ. ನಮ್ಮ ಜೊತೆನೇ ನೆಲದ ಮೇಲೆ ಕೂರಿಸಿ ಅವಳದೇ ತಟ್ಟೇಲಿ ಗೋಲಿಯಷ್ಟು ಮುದ್ದೆ, ಸ್ವಲ್ಪ ಬಸ್ಸಾರು, ಅರ್ಧ ಮೊಟ್ಟೆ. ಮೂರು ತುತ್ತು ತಿಂದು ಎದ್ದೋಗ್ತಿದ್ಲು, ನಾವು ಬಲವಂತ ಮಾಡ್ಲಿಲ್ಲ, ಆದ್ರೆ ಮುಂದಿನ ಊಟದವರೆಗೂ ಬೇರೆ ಏನೂ ಕೊಡ್ಲೂ ಇಲ್ಲ. ಐದನೇ ದಿನ ಮಧ್ಯಾಹ್ನ ಒಗ್ಗರಣೆ ವಾಸನೆಗೇ ತಟ್ಟೆ ತಗೊಂಡು ಬಂದು ಕೂತ್ಲು. ಹೆಂಡತಿ ಕಣ್ಣಲ್ಲಿ ನೀರು. ಹಾಗಂತ ಎಲ್ಲಾ ತಿಂತಾಳೆ ಅಂತಲ್ಲ, ಹುರುಳೀಕಾಯಿ ಇವತ್ತಿಗೂ ಆರಿಸಿ ನನ್ನ ತಟ್ಟೆಗೆ ಹಾಕ್ತಾಳೆ. ಹತ್ತು ಹದಿನೈದು ಸಲ ಬಡಿಸಿದ್ಮೇಲೆ ಒಪ್ಕೊಳೋ ಮಕ್ಕಳೂ ಇರ್ತಾರಂತೆ, ನೋಡೋಣ.

ಈಗ ಅಂಗಡಿ ವಿಷ್ಯಕ್ಕೆ ಬರ್ತೀನಿ. ಹಾಗಾದ್ರೆ ಬಾಳೆಹಣ್ಣು ಮಾರಪ್ಪ ಅಂತೀರಿ. ಮಾರ್ದೆ ಸಾರ್. ಏಲಕ್ಕಿ ಬಾಳೆ ಗೊನೆ ತಂದ್ರೆ ಮೂರನೇ ದಿನಕ್ಕೆ ಕಪ್ಪಾಗುತ್ತೆ, ಉದುರುತ್ತೆ, ನಷ್ಟ ನಂದೇ. ಚಿಪ್ಸ್ ಪ್ಯಾಕೆಟ್ಟು ತಿಂಗಳುಗಟ್ಲೆ ಇರುತ್ತೆ, ಡೇಟ್ ಮುಗಿದ್ರೆ ಅಂಗಡಿಗೆ ಮಾಲು ತರೋ ಲೈನ್ ಗಾಡಿಯವನು ವಾಪಸ್ ತಗೊಂಡು ಹೊಸದು ಕೊಟ್ಟೋಗ್ತಾನೆ. ಕಪ್ಪಾದ ಬಾಳೆಹಣ್ಣು ವಾಪಸ್ ತಗೊಳೋನು ಯಾರಿದಾನೆ? ಇದೊಂದೇ ಕಾರಣಕ್ಕೆ ನಿಮ್ಮೂರ ಯಾವ ಅಂಗಡಿಗೆ ಹೋದ್ರೂ ಮುಂದೆ ನೇತಾಡೋದು ಪ್ಯಾಕೆಟ್ಟೇ. ನಾನೀಗ ಕಡ್ಲೆಮಿಠಾಯಿ, ಹುರಿಗಡಲೆ ಪೊಟ್ಟಣ ಮುಂದಕ್ಕೆ ಇಟ್ಟು ಜೆಲ್ಲಿನ ಹಿಂದಕ್ಕೆ ಹಾಕಿದೀನಿ, ವ್ಯಾಪಾರ ಸ್ವಲ್ಪ ಇಳೀತು, ಸತ್ತೋಗ್ಲಿಲ್ಲ.

ಇನ್ನೊಂದು ಗಮನಿಸಿದ್ದು. ಸ್ಕೂಲಲ್ಲಿ ಮಕ್ಕಳಿಗೆ ಹಾಲು ಕೊಡೋ ಕ್ಷೀರಭಾಗ್ಯ 2013ರಲ್ಲಿ ಬಂತು, 2024ರಿಂದ ರಾಗಿ ಮಾಲ್ಟು, ಮೊಟ್ಟೆನೂ ವಾರಕ್ಕೆ ಆರು ದಿನ ಅಂತ ಆಯ್ತು. ಮಾಲ್ಟ್ ಕೊಡೋ ದಿನ ಬ್ರೇಕ್ ಟೈಮಲ್ಲಿ ನನ್ನ ಅಂಗಡಿ ಮುಂದೆ ಗುಂಪು ಕಮ್ಮಿ. ಹೊಟ್ಟೆ ತುಂಬಿದ್ರೆ ಮಕ್ಕಳು ಬರಲ್ಲ, ಅಷ್ಟೇ. ಆದ್ರೆ ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಕೊಡೋ ಪುಷ್ಟಿ ಪುಡಿನ ಎಷ್ಟೋ ಮನೇಲಿ ಹಸುವಿನ ಬೂಸಾಗೆ ಬೆರೆಸ್ತಾರೆ, ಆಮೇಲೆ ಅದೇ ಮನೆಯೋರು ನನ್ನ ಹತ್ರ ಮುನ್ನೂರು ರೂಪಾಯಿ ಡಬ್ಬಿ ಪುಡಿ ತಗೊಂಡೋಗ್ತಾರೆ, ಹೆಲ್ತ್ ಡ್ರಿಂಕ್ ಅಂತ. ಆ ಥರದ ಪಾನೀಯಗಳನ್ನ ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೀರಿ ಅಂತ ಕೇಂದ್ರ ಸರ್ಕಾರ 2024ರ ಏಪ್ರಿಲಲ್ಲೇ ಆನ್‌ಲೈನ್ ಕಂಪನಿಗಳಿಗೆ ಹೇಳಿದೆ, ನಮ್ಮೂರಿಗೆ ಆ ಸುದ್ದಿ ಇನ್ನೂ ಬಂದಿಲ್ಲ.

ಸುದ್ದಿ ಬರದೇ ಇರೋದು ಇನ್ನೊಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿನ ಸ್ಕೂಲ್ ಗೇಟಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಂಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರಲ್ಲೇ ಬಂದಿದೆ. ನನಗೆ ಗೊತ್ತಾಗಿದ್ದೇ ಮಗಳ ಕಾಯಿಲೆ ಆದ್ಮೇಲೆ. ಇಲ್ಲಿವರೆಗೆ ಒಬ್ರೂ ಬಂದು ನಮಗೆ ಹೇಳಿಲ್ಲ. ನಾನೊಬ್ಬ ನಿಲ್ಸಿದ್ರೆ ಪಕ್ಕದ ಎರಡು ಅಂಗಡಿಗೆ ಗಿರಾಕಿ ಹೋಗ್ತಾರೆ ಅಷ್ಟೇ, ಅದಕ್ಕೇ ಹೇಳೋದಾದ್ರೆ ಎಲ್ಲರಿಗೂ ಒಟ್ಟಿಗೆ ಹೇಳ್ಬೇಕು, ದಂಡ ಆಮೇಲೆ ಹಾಕಿ, ಮೊದಲು ಕೂರಿಸಿ ತಿಳಿಸಿ ಹೇಳಿ. ಅಳತೆ ಮಾಡೋಕೆ ಸಂಬಂಧಪಟ್ಟೋರು ಬಂದ್ರೆ ಟೇಪಿನ ಒಂದು ತುದಿ ನಾನೇ ಹಿಡ್ಕೋತೀನಿ. ನನ್ನ ಅಂಗಡಿ ಗೇಟಿಂದ ಮೂವತ್ತು ಹೆಜ್ಜೆ.

ಇಂತಿ,
ಒಬ್ಬ ದಿನಸಿ ಅಂಗಡಿಯವನು, ತಿಪಟೂರು